ನನ್ನ 80 ಕಿಲೋ ಸ್ಕ್ವಾಟ್ 55ಕ್ಕೆ ಇಳಿದದ್ದು

ಬಾರ್ಬೆಲ್ ಹಿಡಿದ ಮೊದಲ ನಾಲ್ಕು ತಿಂಗಳು ನನಗೆ ನಾನೇ ಗುರು. ವಾರಕ್ಕೆ ಮೂರು ದಿನ, ಐದು ಸೆಟ್, ಸೆಟ್ಟಿಗೆ ಐದು ರೆಪ್ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್, ನಡುವೆ ನಿಲ್ಲಿಸದೆ ಮಾಡುವ ರೆಪ್ಪುಗಳ ಕಂತು ಒಂದು ಸೆಟ್). ಪ್ರತಿ ಸಲ 2.5 ಕಿಲೋ ಏರಿಸೋದು, ಅಂದರೆ ಬಾರಿನ ಎರಡೂ ತುದಿಗೆ 1.25ರ ಒಂದೊಂದು ಪ್ಲೇಟು. 20 ಕಿಲೋದ ಖಾಲಿ ಬಾರಿನಿಂದ ಶುರುಮಾಡಿದವನು ಸ್ಕ್ವಾಟ್‌ನಲ್ಲಿ (ಬಾರನ್ನು ಹೆಗಲ ಮೇಲೆ ಹೊತ್ತು ಕುಕ್ಕರಗಾಲಿಗೆ ಇಳಿದು ಏಳುವುದು) 80ಕ್ಕೆ ಬಂದುಬಿಟ್ಟಿದ್ದೆ. ಹೊಸಬರು ಎತ್ತುವ ತೂಕ ಹೀಗೆ ಸರಸರ ಏರುವುದರಲ್ಲಿ ಅಚ್ಚರಿಯೇನೂ ಇಲ್ಲ. ಮೊದಲ ವಾರಗಳಲ್ಲಿ ಸ್ನಾಯು ಬೆಳೆಯುವುದು ಕಡಿಮೆ, ಇರುವ ಸ್ನಾಯುವನ್ನೇ ಸರಿಯಾಗಿ ದುಡಿಸಿಕೊಳ್ಳಲು ನರಗಳು ಕಲಿಯುವುದು ಹೆಚ್ಚು. ಆಗ ಇದು ಗೊತ್ತಿರಲಿಲ್ಲವಾಗಿ, ನನ್ನ ಮೈಯಲ್ಲೇ ಏನೋ ವಿಶೇಷ ಇದೆ ಅಂದುಕೊಂಡಿದ್ದೆ.

ಆ ಜಂಬದಲ್ಲೇ ಭಾರ ಎತ್ತುವವರ ಗುಂಪೊಂದಕ್ಕೆ ಸೇರಿದ್ದು. ಇಪ್ಪತ್ತು ಚಿಲ್ಲರೆ ಜನ, ಎಲ್ಲ ಫೋನಿನಲ್ಲೇ ಪರಿಚಯ, ಯಾರೂ ಯಾರನ್ನೂ ಎದುರಾಬದುರು ಕಂಡವರಲ್ಲ. ನಿಯಮ ಒಂದೇ: ಅವತ್ತು ಎತ್ತಿದ್ದನ್ನು ಅವತ್ತೇ ಬರೆದು ಹಾಕಬೇಕು. ಸೋತಿದ್ದನ್ನೂ ಹಾಕಬೇಕು. ಎರಡನೇ ದಿನವೇ ನನ್ನ 80ರ ವಿಡಿಯೋ ಕಳಿಸಿದೆ. ಹೆಬ್ಬೆರಳುಗಳ ಸುರಿಮಳೆ ಆಗುತ್ತೆ ಅಂತ ಕಾದು ಕೂತಿದ್ದರೆ, ಗುಂಪಿನ ಹಿರಿಯರೊಬ್ಬರಿಂದ (ನಾವೆಲ್ಲ ಅವರನ್ನು ಅಕ್ಕ ಅಂತೀವಿ) ಒಂದು ಸ್ಕ್ರೀನ್‌ಶಾಟ್ ಬಂತು. ನಾನು ಅತ್ಯಂತ ಕೆಳಗಿದ್ದ ಕ್ಷಣವನ್ನು ನಿಲ್ಲಿಸಿ, ಮೊಣಕಾಲಿನ ಮೇಲ್ಭಾಗದಿಂದ ಸೊಂಟದ ಮಡಿಕೆಯವರೆಗೆ ಒಂದು ಕೆಂಪು ಗೆರೆ ಎಳೆದಿದ್ದರು. ಗೆರೆ ಸೊಂಟದ ಕಡೆಗೆ ಕೆಳಗಿಳಿಯಬೇಕಿತ್ತು. ನನ್ನದು ಏರು ರಸ್ತೆ ಥರ ಮೇಲಕ್ಕೆ ಹೋಗಿತ್ತು. ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ತೊಡೆಯ ಬುಡದ ಮಡಿಕೆ ಮೊಣಕಾಲಿನ ಮೇಲ್ಭಾಗಕ್ಕಿಂತ ಕೆಳಗೆ ಹೋಗದಿದ್ದರೆ ಆ ಲಿಫ್ಟು ಲೆಕ್ಕಕ್ಕಿಲ್ಲ.

‘ಇದು ಅರ್ಧ ಸ್ಕ್ವಾಟಪ್ಪ. ಪೂರ್ತಿ ಇಳಿದು ಎಷ್ಟು ಎತ್ತೀಯ, ನಾಳಿದ್ದು ತೋರಿಸು’ ಅಂತ ಕೆಳಗೆ ಒಂದು ಸಾಲು.

ನಾಳಿದ್ದು ತೋರಿಸಿದ್ದು 55 ಕಿಲೋ.

ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಕನ್ನಡಿ ನೋಡಿಕೊಂಡೇ ಮಾಡುತ್ತಿದ್ದೆನಲ್ಲ, ಹೇಗೆ ತಪ್ಪಿತು? ತಪ್ಪಿದ್ದು ಅದಕ್ಕೇ. ಎದುರಿನ ಕನ್ನಡಿಯಲ್ಲಿ ಆಳ ಕಾಣಿಸೋದಿಲ್ಲ. ಫೋನನ್ನು ಸೊಂಟದ ಎತ್ತರಕ್ಕಿಟ್ಟು ಪಕ್ಕದಿಂದ ತೆಗೆದರೆ ಕಾಣಿಸುತ್ತೆ. ನೆಲದ ಮೇಲಿಟ್ಟು ತೆಗೆದರೆ ಅದೂ ಮೋಸವೇ, ಇದ್ದದ್ದಕ್ಕಿಂತ ಹೆಚ್ಚು ಇಳಿದ ಹಾಗೆ ಕಾಣಬಹುದು. 55ರಿಂದ ಮತ್ತೆ 80ಕ್ಕೆ ಹತ್ತು ಮೆಟ್ಟಿಲು. ಕಾಗದದ ಮೇಲೆ ಮೂರೂವರೆ ವಾರದ ಕೆಲಸ, ನನಗೆ ಹಿಡಿದದ್ದು ಹದಿನಾಲ್ಕು ವಾರ. ತೂಕ ಏರದೆ ಎರಡು ಸಲ ಸಿಕ್ಕಿಹಾಕಿಕೊಂಡೆ. ಎರಡೂ ಸಲ ಶೇಕಡಾ 10 ಇಳಿಸಿ ಮತ್ತೆ ಹತ್ತಿದೆ.

ಗುಂಪಿನಿಂದ ಹುರುಪು ಸಿಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹುರುಪಿನ ಕೊರತೆ ಯಾವತ್ತೂ ಇರಲಿಲ್ಲ, ಇದ್ದದ್ದು ಲಗಾಮಿನ ಕೊರತೆ. ಸೆಟ್ ಬರೆದು ಹಾಕಿದರೆ ಯಾರಾದರೂ ಕೇಳೋರು, ‘ಇನ್ನೆಷ್ಟು ರೆಪ್ ಉಳಿದಿತ್ತು?’ ಇನ್ನೆರಡು ಆಗುತ್ತಿತ್ತು ಅಂದರೆ ಆರ್‌ಪಿಇ (ಎಷ್ಟು ಕಷ್ಟವಾಯಿತು ಅನ್ನುವುದರ ಅಳತೆ) 8, ಒಂದೂ ಆಗುತ್ತಿರಲಿಲ್ಲ ಅಂದರೆ 10. ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ ಮೂಲ ಅಳತೆ 6ರಿಂದ 20ರವರೆಗೆ ಇತ್ತು, ಹೃದಯ ಬಡಿತ 60ರಿಂದ 200 ಅನ್ನುವ ಅಂದಾಜಿನ ಮೇಲೆ. ಭಾರ ಎತ್ತುವವರು ಅದನ್ನು ಹತ್ತರ ಲೆಕ್ಕಕ್ಕೆ ಒಗ್ಗಿಸಿಕೊಂಡಿದ್ದಾರೆ. ನಾನು ಮೊದಮೊದಲು ಎಲ್ಲದಕ್ಕೂ 8 ಅಂತ ಬರೆಯುತ್ತಿದ್ದೆ. ‘ನಿನ್ನ ಕೊನೇ ರೆಪ್ ಮೇಲೇಳೋಕೆ ಐದು ಸೆಕೆಂಡ್ ತಗೊಂಡಿದೆ, ಅದು ಹೇಗಪ್ಪ ಎಂಟು?’ ಅಂತ ಒಬ್ಬರು ಕೇಳಿದ ಮೇಲೆ ಆ ಆಟ ನಿಂತಿತು. ನಿದ್ದೆಯ ಗಂಟೆಗಳನ್ನೂ ಪಕ್ಕದಲ್ಲಿ ಬರೆಯಲು ಶುರುಮಾಡಿದೆ. ಸಿಕ್ಕಿಬಿದ್ದ ಎರಡೂ ವಾರಗಳಲ್ಲಿ ಐದು ಗಂಟೆಗಿಂತ ಕಡಿಮೆ ಮಲಗಿದ ರಾತ್ರಿಗಳೇ ಹೆಚ್ಚಿದ್ದವು.

ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಅಂಗಾತ ಮಲಗಿ ಬಾರನ್ನು ಎದೆಯಿಂದ ಮೇಲಕ್ಕೆ ತಳ್ಳುವುದು) ಕಥೆಯನ್ನು ಹೇಳಲೇಬೇಕು. ಒಂದು ಸಂಜೆ ಒಬ್ಬನೇ ಇದ್ದೆ, 52.5 ಕಿಲೋ, ನಾಲ್ಕನೇ ರೆಪ್. ಬಾರು ಎದೆಗೆ ಬಂತು, ಹಿಂದಕ್ಕೆ ಹೋಗಲಿಲ್ಲ. ಹೊಟ್ಟೆಯ ಮೇಲೆ ಉರುಳಿಸಿಕೊಂಡು, ತೊಡೆವರೆಗೆ ತಳ್ಳಿ, ಹೇಗೋ ಎದ್ದು ಕೂತೆ. ಪಕ್ಕೆಯ ಮೇಲೆ ಒಂದು ವಾರ ನೀಲಿ ಪಟ್ಟೆ. ಬರೆದು ಹಾಕಬೇಕೋ ಬೇಡವೋ ಅಂತ ಬಹಳ ಹೊತ್ತು ಯೋಚಿಸಿದೆ. ಹಾಕಿದೆ. ಯಾರೂ ನಗಲಿಲ್ಲ, ಏಳೆಂಟು ಜನ ತಮಗಾದದ್ದನ್ನೂ ಹೇಳಿಕೊಂಡರು. ಕೆಲಸಕ್ಕೆ ಬಂದ ಮಾತು ಎರಡು. ಒಂಟಿಯಾಗಿದ್ದರೆ ರ‍್ಯಾಕಿನ ಸೇಫ್ಟಿ ಬಾರನ್ನು (ಕೈ ಸೋತರೆ ಭಾರವನ್ನು ಹಿಡಿಯುವ ಅಡ್ಡ ಸರಳು) ಎದೆಗಿಂತ ಒಂದು ಬೆರಳು ಕೆಳಗೆ ಇಟ್ಟುಕೊಳ್ಳಬೇಕು. ಬೆನ್ನು ಕಮಾನಾಗಿದ್ದಾಗ ಬಾರು ಅದಕ್ಕೆ ತಾಗೋದಿಲ್ಲ, ಸೋತು ಬೆನ್ನು ಚಪ್ಪಟೆ ಮಾಡಿದರೆ ಅದರ ಮೇಲೆ ಕೂರುತ್ತೆ. ಅದೂ ಇಲ್ಲದ ಕಡೆ ಪ್ಲೇಟಿಗೆ ಕ್ಲಿಪ್ ಹಾಕಲೇಬಾರದು, ಒಂದು ಕಡೆಗೆ ವಾಲಿಸಿದರೆ ಪ್ಲೇಟು ಜಾರಿಬಿದ್ದು ನಾವು ಉಳಿಯುತ್ತೇವೆ. ಕ್ಲಿಪ್ ಬಿಗಿಯಾಗಿದ್ದರೆ ಸುರಕ್ಷಿತ ಅಂತಲೇ ನಾನು ಅಲ್ಲಿವರೆಗೆ ನಂಬಿದ್ದೆ!

ಗುಂಪು ಕೆಲಸಕ್ಕೆ ಬಾರದ ಜಾಗವೂ ಇದೆ. ಬೆನ್ನಿನ ಕೆಳಗೆ ನೋವು ಬಂದಾಗ ಅರ್ಧ ದಿನದಲ್ಲಿ ಹನ್ನೊಂದು ಸಲಹೆ ಬಂದವು, ಒಂದಕ್ಕೊಂದು ತದ್ವಿರುದ್ಧ. ‘ನೋವು ಕಾಲಿಗೆ ಇಳೀತಿದ್ಯಾ? ಜೋಮು ಇದ್ಯಾ? ನಮ್ಮನ್ನ ಕೇಳಬೇಡ, ತೋರಿಸ್ಕೊ’ ಅಂದಿದ್ದು ಅಕ್ಕ ಒಬ್ಬರೇ. ಕಾಲಿಗೆ ಇಳಿದಿರಲಿಲ್ಲ, ಆದರೂ ತೋರಿಸಿಕೊಂಡೆ. ಮೂರು ವಾರ ಡೆಡ್‌ಲಿಫ್ಟ್ (ನೆಲದ ಮೇಲಿನ ಬಾರನ್ನು ಎತ್ತಿ ನೇರ ನಿಲ್ಲುವುದು) ನಿಲ್ಲಿಸಿದೆ.

ಇನ್ನೊಂದು ಕಿರಿಕಿರಿ ಹೋಲಿಕೆಯದು. ನನಗಿಂತ ಹದಿನೈದು ವರ್ಷ ಚಿಕ್ಕವನೊಬ್ಬ ತಿಂಗಳು ತಿಂಗಳೂ ದಾಖಲೆ ಮುರಿಯುತ್ತಿದ್ದ. ಅವನ ವಿಡಿಯೋ ನೋಡಿದ ದಿನವೆಲ್ಲ ನಾನು ಬರೆದಿಟ್ಟದ್ದಕ್ಕಿಂತ ಹೆಚ್ಚು ಪ್ಲೇಟು ಹಾಕುತ್ತಿದ್ದೆ. ಈಗ ನನ್ನ ಸೆಟ್ ಮುಗಿಯುವವರೆಗೆ ಗುಂಪು ತೆರೆಯೋದೇ ಇಲ್ಲ.

ಸದ್ಯಕ್ಕೆ ಜಗಳ ಡೆಡ್‌ಲಿಫ್ಟ್ ಹಿಡಿತದ್ದು. 110 ಕಿಲೋದಲ್ಲಿ ಬೆನ್ನು ತಡೆದುಕೊಳ್ಳುತ್ತೆ, ಬೆರಳು ಬಿಚ್ಚಿಕೊಳ್ಳುತ್ತೆ. ಒಂದು ಅಂಗೈ ಒಳಗೆ, ಒಂದು ಹೊರಗೆ ಅಂತ ಕೆಲವರು; ಮಣಿಕಟ್ಟಿಗೂ ಬಾರಿಗೂ ಪಟ್ಟಿ ಕಟ್ಟಿಕೊ ಅಂತ ಕೆಲವರು. ಅಕ್ಕ ಹುಕ್ ಗ್ರಿಪ್ ಅಂದರು: ಹೆಬ್ಬೆರಳನ್ನು ಬಾರಿಗೆ ಒತ್ತಿ, ಅದರ ಮೇಲೆ ಉಳಿದ ಬೆರಳು ಬಿಗಿಯೋದು. ನಿನ್ನೆ 70ರಲ್ಲಿ ಮಾಡಿದೆ. ಬಾರು ಕೈಯಿಂದ ಜಾರಲಿಲ್ಲ. ಹೆಬ್ಬೆರಳು ಇನ್ನೂ ಮರಗಟ್ಟಿದೆ, ಇದನ್ನು ಟೈಪ್ ಮಾಡುತ್ತಿರುವುದು ತೋರುಬೆರಳಿನಲ್ಲಿ.