ಬೆಂಕಿ ಸಣ್ಣಗೆ, ಹುಳಿ ಕೊನೆಗೆ: ಮೆತ್ತನೆಯ ಪಂದಿ ಕರಿ ಮಾಡುವ ಬಗೆ

ಸೆಪ್ಟೆಂಬರ್ ಮೊದಲ ವಾರ, ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂತೆಂದರೆ ಬೆಂಗಳೂರಿನಿಂದ ಚಿಕ್ಕಪ್ಪನ ಮಗಳ ಫೋನು ಬರುತ್ತದೆ. ಹೋದ ವರ್ಷವೂ ಬಂತು. "ಅಕ್ಕಾ, ಮುಕ್ಕಾಲು ಗಂಟೆಯಿಂದ ಬೇಯ್ತಾ ಇದೆ, ಮಾಂಸ ರಬ್ಬರ್ ಥರಾನೇ ಇದೆ. ಈರುಳ್ಳೀನೂ ಕರಗ್ತಿಲ್ಲ. ಉರಿ ಜೋರು ಮಾಡ್ಲಾ?"

"ಕಾಚಂಪುಳಿ ಯಾವಾಗ ಹಾಕ್ದೆ?"

"ಅರಿಶಿನ, ಉಪ್ಪಿನ ಜೊತೆಗೇ ಕಲಸಿಟ್ಟಿದ್ದೆ."

ಕೊಡಗಿನ ಹೊರಗೆ ಪಂದಿ ಕರಿ, ಅಂದರೆ ಕೊಡವರ ಹಂದಿಮಾಂಸದ ಅಡುಗೆ, ಕೆಡುವುದು ಹೆಚ್ಚಾಗಿ ಈ ಎರಡೇ ಕಡೆ: ಹುಳಿ ಮೊದಲೇ ಬೀಳುತ್ತದೆ, ಮಾಂಸ ಗಟ್ಟಿಯಾದ ಹೊತ್ತಿನಲ್ಲಿ ಉರಿ ಏರುತ್ತದೆ. ಉಳಿದ ಕೆಲಸ ಯಾರಿಗಾದರೂ ಬರುತ್ತದೆ. ಹಾಗಾಗಿ ಅವೆರಡನ್ನು ಬಿಡಿಸಿ ಹೇಳುತ್ತೇನೆ, ಮಿಕ್ಕಿದ್ದನ್ನು ಬೇಗ ಮುಗಿಸುತ್ತೇನೆ.

ಮೊದಲು ಕಾಚಂಪುಳಿ ಎಂದರೇನು

ಮಳೆಗಾಲದಲ್ಲಿ ಹಣ್ಣಾಗಿ ಮರದಡಿ ಬೀಳುವ ಪಣಪುಳಿಯನ್ನು ಆರಿಸಿ ತಂದು ಬುಟ್ಟಿಗೆ ತುಂಬಿ, ಕೆಳಗೆ ಪಾತ್ರೆ ಇಡುತ್ತಾರೆ. ಹಣ್ಣು ಕಳಿತು ದಿನಗಟ್ಟಲೆ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಕಾಯಿಸಿ ಕಾಯಿಸಿ ಕಪ್ಪಗೆ, ಮಂದಗೆ ಮಾಡಿದರೆ ಅದೇ ಕಾಚಂಪುಳಿ. ಬಾಟಲಿಯಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಶಿರಸಿ, ಸಿದ್ದಾಪುರದ ಕಡೆಯವರಿಗೆ ಈ ಹಣ್ಣು ಗೊತ್ತು. ಅಲ್ಲಿ ಇದು ಉಪ್ಪಾಗೆ. ಕೇರಳದವರು ಮೀನಿಗೆ ಹಾಕುವ ಕುಡಂಪುಳಿಯೂ ಇದೇ ಹಣ್ಣಿನ ಒಣಗಿಸಿದ ಸಿಪ್ಪೆ. ಕರಾವಳಿಯ ಪುನರ್ಪುಳಿ ಮಾತ್ರ ಬೇರೆ. ಅದು ಹತ್ತಿರದ ಸಂಬಂಧಿ ಅಷ್ಟೆ, ಈ ಅಡುಗೆಗೆ ಆಗುವುದಿಲ್ಲ.

ಇಂಗ್ಲಿಷ್‌ನಲ್ಲಿ ಇದನ್ನು ಕೂರ್ಗ್ ವಿನೆಗರ್ ಎನ್ನುತ್ತಾರೆ. ತಪ್ಪು ಶುರುವಾಗುವುದೇ ಆ ಹೆಸರಿನಿಂದ. ವಿನೆಗರಿನ ಹುಳಿ ಅಸಿಟಿಕ್ ಆಮ್ಲದ್ದು. ಕುದಿಸಿದರೆ ಅಷ್ಟಿಷ್ಟು ಆವಿಯಾಗಿ ಹೋಗುತ್ತದೆ. ಹಂದಿಮಾಂಸಕ್ಕೆ ವಿನೆಗರ್ ಹಾಕಿ ರೂಢಿಯಿದ್ದವರು ಅದನ್ನು ಮೊದಲೇ ಹಾಕಿ ಹದ ಮಾಡುತ್ತಾರೆ, ಅಲ್ಲಿ ಅದು ಸರಿ. ಪಣಪುಳಿಯಲ್ಲಿರುವುದು ಮುಖ್ಯವಾಗಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಅದು ಹಬೆಯ ಜೊತೆ ಹೋಗುವಂಥದ್ದಲ್ಲ. ನೀರು ಇಂಗುತ್ತಾ ಹೋದ ಹಾಗೆ ಹುಳಿ ಏರುತ್ತಲೇ ಹೋಗುತ್ತದೆ. ಶುರುವಿನಲ್ಲಿ ನಾಲಿಗೆಗೆ ಸರಿ ಎನಿಸಿದ್ದು ಒಂದೂವರೆ ಗಂಟೆಯ ಮೇಲೆ ಹಲ್ಲು ಚುಳ್ಳೆನ್ನಿಸುತ್ತದೆ. ಜೊತೆಗೆ, ಹುಳಿಯಲ್ಲಿ ಬಿದ್ದ ಈರುಳ್ಳಿ ಎಷ್ಟು ಬೇಯಿಸಿದರೂ ಕರಗದೆ ಚೂರು ಚೂರಾಗಿಯೇ ಉಳಿಯುತ್ತದೆ. ಹುಳಿಯಲ್ಲಿ ತರಕಾರಿ ಬೇಯುವುದಿಲ್ಲ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದದ್ದು ಇದನ್ನೇ.

ಕೊಳ್ಳುವಾಗ ಬಾಟಲಿಯನ್ನು ಓರೆ ಮಾಡಿ ನೋಡಿ. ಒಳ್ಳೆಯ ಕಾಚಂಪುಳಿ ಗಾಜಿಗೆ ಹಚ್ಚಿಕೊಂಡು ನಿಧಾನಕ್ಕೆ ಇಳಿಯುತ್ತದೆ. ಮೂಸಿದರೆ ಕಳಿತ ಹಣ್ಣಿನ ವಾಸನೆ, ಸ್ವಲ್ಪ ಹೊಗೆಯ ವಾಸನೆ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಚುರುಕ್ಕೆಂದು ಹೊಡೆದರೆ, ನೀರಿನ ಹಾಗೆ ಅಲುಗಾಡಿದರೆ, ಅದು ಬಣ್ಣ ಹಾಕಿದ ವಿನೆಗರ್. ಪ್ರವಾಸಿಗರು ಇಳಿಯುವ ಕಡೆ ಅಂಥದ್ದು ಅಗ್ಗಕ್ಕೆ ಸಿಗುತ್ತದೆ. ನಾನೇ ಒಮ್ಮೆ ತಂದು ಮೂರು ಕಿಲೋ ಮಾಂಸ ಹಾಳು ಮಾಡಿದ್ದೇನೆ, ಆ ಬೇಸರ ಇನ್ನೂ ಇದೆ. ಪರಿಚಯದವರ ತೋಟದಿಂದ ತರಿಸಿಕೊಳ್ಳಿ. ನಿಜವಾದದ್ದು ಸಿಗಲೇ ಇಲ್ಲವೆಂದರೆ ನೆನೆಸಿದ ಕುಡಂಪುಳಿಯನ್ನು ಕುದಿಸಿ, ಸೋಸಿ, ಮಂದ ಮಾಡಿಕೊಳ್ಳಿ. ಹುಣಿಸೆಹಣ್ಣು ಬೇಡ, ನಿಂಬೆಹಣ್ಣೂ ಬೇಡ.

ಮಾಂಸ

ಒಂದು ಕಿಲೋ. ಅರ್ಧ ಮುಂಗಾಲಿನ ಭುಜದ್ದು, ಅರ್ಧ ಹೊಟ್ಟೆಯದ್ದು, ಚರ್ಮ ಮತ್ತು ಕೊಬ್ಬಿನ ಸಮೇತ. "ಕೊಬ್ಬು ತೆಗೆದು ಕೊಡಿ" ಎಂದು ಅಂಗಡಿಯಲ್ಲಿ ಹೇಳುವವರು ದಯವಿಟ್ಟು ಬೇರೆ ಅಡುಗೆ ಮಾಡಿಕೊಳ್ಳಿ. ಬರೀ ಕೆಂಪು ಮಾಂಸ ಈ ಬಗೆಯಲ್ಲಿ ನಾರುನಾರಾಗುತ್ತದೆ. ಒಂದೂವರೆ ಇಂಚಿನ ತುಂಡು ಮಾಡಿಸಿ. ಚರ್ಮದ ಮೇಲೆ ಕೂದಲು ಉಳಿದಿದ್ದರೆ ಗ್ಯಾಸಿನ ಉರಿಗೆ ಹಿಡಿದು ಸುಟ್ಟು, ಚಾಕುವಿನಿಂದ ಹೆರೆದು ತೊಳೆಯಿರಿ. ನೀರು ಪೂರ್ತಿ ಬಸಿಯಬೇಕು. ಅರ್ಧ ಚಮಚ ಅರಿಶಿನ, ಒಂದು ಚಮಚ ಖಾರದ ಪುಡಿ, ಉಪ್ಪು ಹಚ್ಚಿ ಅರ್ಧ ಗಂಟೆ ಬಿಡಿ.

ಇನ್ನೂರೈವತ್ತು ಗ್ರಾಂ ಸಣ್ಣ ಈರುಳ್ಳಿ, ಹದಿನೈದು ಎಸಳು ಬೆಳ್ಳುಳ್ಳಿ, ಎರಡು ಇಂಚು ಶುಂಠಿ, ಐದು ಹಸಿಮೆಣಸಿನಕಾಯಿ, ಒಂದು ಹಿಡಿ ಕರಿಬೇವು. ಇಷ್ಟನ್ನೂ ತರಿತರಿಯಾಗಿ ಜಜ್ಜಿಕೊಳ್ಳಿ. ಟೊಮೆಟೊ ಇಲ್ಲ, ತೆಂಗಿನಕಾಯಿ ಇಲ್ಲ.

ಕಪ್ಪು ಮಸಾಲೆ

ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಎರಡು ಚಿಕ್ಕ ಚಮಚ ಕರಿಮೆಣಸು, ಒಂದು ಚಮಚ ಜೀರಿಗೆ, ಅರ್ಧ ಚಮಚ ಸಾಸಿವೆ, ಹತ್ತು ಹನ್ನೆರಡು ಕಾಳು ಮೆಂತ್ಯ. ಎಣ್ಣೆಯಿಲ್ಲದೆ, ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ ಹುರಿಯಬೇಕು. ಮೊದಲು ಕೊತ್ತಂಬರಿ, ಮೆಣಸು. ಅವು ಬಣ್ಣ ತಿರುಗಿದ ಮೇಲೆ ಜೀರಿಗೆ, ಸಾಸಿವೆ. ಮೆಂತ್ಯ ಎಲ್ಲಕ್ಕಿಂತ ಕೊನೆಗೆ. ಸಾರಿನ ಪುಡಿಗೆ ಹುರಿಯುವ ಹದದಲ್ಲಿ ನಿಲ್ಲಿಸಬೇಡಿ, ಇನ್ನೂ ಮುಂದೆ ಹೋಗಬೇಕು. ಕೊತ್ತಂಬರಿ ಹುರಿದ ಕಾಫಿ ಬೀಜದ ಬಣ್ಣಕ್ಕೆ ಬಂದು ತೆಳ್ಳನೆ ಹೊಗೆ ಎದ್ದಾಗ, ಇನ್ನೊಂದು ಚೂರು ಕಪ್ಪಾಗಲಿ ಎನಿಸುವ ಮುಂಚೆಯೇ, ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಸೀದುಹೋಗುತ್ತದೆ. ಆರಿದ ಮೇಲೆ ನುಣ್ಣಗೆ ಪುಡಿ ಮಾಡಿ. ಪ್ಯಾಕೆಟ್ಟಿನ ಪಂದಿ ಕರಿ ಪುಡಿಯಲ್ಲಿ ನನಗೆ ಈ ಬಣ್ಣ ಒಮ್ಮೆಯೂ ಸಿಕ್ಕಿಲ್ಲ. ಹತ್ತು ನಿಮಿಷದ ಕೆಲಸ, ಮನೆಯಲ್ಲೇ ಮಾಡಿಕೊಳ್ಳಿ.

ಬೇಯಿಸುವುದು: ಇಲ್ಲಿ ನಿಂತು ಓದಿ

ದಪ್ಪ ತಳದ ಸ್ಟೀಲ್ ಪಾತ್ರೆ ಅಥವಾ ಪಳಗಿದ ಮಣ್ಣಿನ ಮಡಕೆ ಬೇಕು. ಅಲ್ಯೂಮಿನಿಯಂ ಹುಳಿಗೆ ಆಗಿಬರುವುದಿಲ್ಲ. ಮುಚ್ಚಳ ಬಿಗಿಯಾಗಿ ಕೂರಬೇಕು, ಮೇಲೆ ನೀರು ನಿಲ್ಲುವಂತೆ ತಗ್ಗಾಗಿದ್ದರೆ ಇನ್ನೂ ಒಳ್ಳೆಯದು.

ಒಂದು ಚಮಚ ಎಣ್ಣೆ ಸಾಕು. ಕೊಬ್ಬು ಹೆಚ್ಚಿರುವ ನಾಲ್ಕೈದು ತುಂಡುಗಳನ್ನು ಮೊದಲು ಹಾಕಿ, ಅವು ಬಿಟ್ಟ ಕೊಬ್ಬಿನಲ್ಲೇ ಜಜ್ಜಿದ ಈರುಳ್ಳಿಯನ್ನು ಅಂಚು ಕೆಂಪಾಗುವವರೆಗೆ ಬಾಡಿಸಿ. ಆಮೇಲೆ ಉಳಿದ ಮಾಂಸ. ಜೋರು ಉರಿಯಲ್ಲಿ ಐದಾರು ನಿಮಿಷ ತಿರುವಿದರೆ ಮಾಂಸವೇ ನೀರು ಬಿಡುತ್ತದೆ. ಆಗ ಉರಿಯನ್ನು ಎಷ್ಟು ಸಣ್ಣದಾಗುತ್ತದೋ ಅಷ್ಟು ಸಣ್ಣದು ಮಾಡಿ, ಮುಚ್ಚಿ, ಮುಚ್ಚಳದ ಮೇಲೆ ಒಂದು ಲೋಟ ನೀರು ಹೊಯ್ಯಿರಿ. ಒಳಗಿನ ಹಬೆ ತಣ್ಣನೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಮಾಂಸದ ಮೇಲೇ ಬೀಳುತ್ತದೆ. ಹೊರಗಿನಿಂದ ನೀರು ಸೇರಿಸದೆ ಬೇಯಿಸುವ ಉಪಾಯ ಇದೇ.

ಇನ್ನು ಆ ರಬ್ಬರಿನ ವಿಷಯ. ಸುಮಾರು ಅರ್ಧ ಗಂಟೆ, ಮುಕ್ಕಾಲು ಗಂಟೆಗೆ ತೆಗೆದು ಕಚ್ಚಿ ನೋಡಿದರೆ ಮಾಂಸ ಹಸಿಯಾಗಿದ್ದಾಗಿನದಕ್ಕಿಂತ ಗಟ್ಟಿಯಾಗಿರುತ್ತದೆ. ಇರಬೇಕಾದದ್ದೇ ಹಾಗೆ. ಕಾವು ಏರುವಾಗ ಮಾಂಸದ ಎಳೆಗಳು ಮುದುಡಿ ಒಳಗಿನ ನೀರನ್ನು ಹಿಂಡಿಬಿಡುತ್ತವೆ. ಎಳೆಗಳನ್ನು ಕಟ್ಟಿಹಿಡಿದ ಕೊಲಾಜೆನ್, ಚರ್ಮದಲ್ಲೂ ನರಗಳಲ್ಲೂ ಇರುವ ಆ ಅಂಟು, ಇನ್ನೂ ಕರಗಲು ಶುರುವಾಗಿರುವುದಷ್ಟೆ. ಅದು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನಿಧಾನವಾಗಿ ಜಿಲೆಟಿನ್ ಆಗುತ್ತಾ ಹೋಗುತ್ತದೆ, ಅದಕ್ಕೆ ಹೊತ್ತು ಬೇಕು. ನನ್ನ ತಂಗಿ ಉರಿ ಜೋರು ಮಾಡಲಾ ಎಂದು ಕೇಳಿದ್ದು ಸರಿಯಾಗಿ ಈ ಘಟ್ಟದಲ್ಲಿ. ಜೋರು ಮಾಡಿದರೆ ನೀರು ಇಂಗಿ ತಳ ಹಿಡಿಯುತ್ತದೆ, ಆಮೇಲೆ ಗಾಬರಿಯಲ್ಲಿ ತಣ್ಣೀರು ಸುರಿಯುತ್ತಾರೆ, ಕಾವು ಬೀಳುತ್ತದೆ, ಸಾರು ನೀರಾಗುತ್ತದೆ. ಏನೂ ಮಾಡಬೇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ತಳ ಕೆದಕಿ ಮತ್ತೆ ಮುಚ್ಚಿ. ತಳದಲ್ಲಿ ಪಸೆ ಕಡಿಮೆಯಾಗಿದ್ದರೆ ಮುಚ್ಚಳದ ಮೇಲಿನ ಬಿಸಿನೀರನ್ನೇ ಕಾಲು ಲೋಟ ಒಳಗೆ ಬಿಡಿ.

ಅಂಗಡಿಯ ಹಂದಿಗೆ ಒಟ್ಟು ಒಂದು ಕಾಲು ಗಂಟೆಯಿಂದ ಒಂದೂವರೆ ಗಂಟೆ, ಬಲಿತದ್ದಾದರೆ ಇನ್ನೂ ಅರ್ಧ ಗಂಟೆ. ಗಡಿಯಾರಕ್ಕಿಂತ ಚರ್ಮವನ್ನು ನಂಬಿ. ಅದು ಅರೆಪಾರದರ್ಶಕವಾಗಿ, ಚಮಚದ ಅಂಚಿಗೆ ಒತ್ತಿದರೆ ತುಂಡಾಗಬೇಕು. ಚರ್ಮ ಜಾರಿ ತಪ್ಪಿಸಿಕೊಳ್ಳುತ್ತಿದ್ದರೆ ಇನ್ನೂ ಆಗಿಲ್ಲ.

ಪ್ರೆಶರ್ ಕುಕ್ಕರಿನಲ್ಲಿ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮಾಂಸ ಮೆತ್ತಗಾಗುತ್ತದೆ, ನಿಜ. ಆದರೆ ಮಾಂಸ ಬಿಟ್ಟ ನೀರೆಲ್ಲ ಒಳಗೇ ನಿಲ್ಲುವುದರಿಂದ ಈರುಳ್ಳಿ ಕೊಬ್ಬಿನಲ್ಲಿ ಬಾಡಿ ತುಂಡಿಗೆ ಹಿಡಿಯುವ ಬದಲು ಸಾರಿನಲ್ಲಿ ತೇಲುತ್ತದೆ. ನನ್ನ ಮನೆಯಲ್ಲಿ ಈ ಅಡುಗೆಗೆ ಕುಕ್ಕರ್ ಇಳಿಯುವುದಿಲ್ಲ.

ಹುಳಿ ಬೀಳುವ ಹೊತ್ತು

ಚರ್ಮ ಬೆಂದ ಮೇಲೆ ಮುಚ್ಚಳ ತೆಗೆದು, ಕೊಬ್ಬು ಅಂಚಿನಲ್ಲಿ ಬೇರೆಯಾಗಿ ಕಾಣುವ ತನಕ ನೀರು ಇಂಗಿಸಿ. ಕಪ್ಪು ಪುಡಿ ಉದುರಿಸಿ ಹತ್ತು ನಿಮಿಷ ಸಣ್ಣ ಉರಿ. ಈಗ ಕಾಚಂಪುಳಿ. ನೇರವಾಗಿ ಬಾಟಲಿಯಿಂದ ಬಗ್ಗಿಸಬೇಡಿ. ಒಂದೇ ಕಡೆ ಬಿದ್ದು ಅಲ್ಲಿನ ತುಂಡುಗಳಿಗೇ ಹಿಡಿಯುತ್ತದೆ. ಎರಡು ಚಿಕ್ಕ ಚಮಚವನ್ನು ಬಟ್ಟಲಲ್ಲಿ ಹಾಕಿ, ಪಾತ್ರೆಯದ್ದೇ ಒಂದು ಸೌಟು ಬಿಸಿ ಸಾರಿನಲ್ಲಿ ಕದಡಿ, ಸುತ್ತ ಹೊಯ್ದು ಕೆಳಗಿನಿಂದ ಮೇಲಕ್ಕೆ ಮಗುಚಿ. ಮೂರು ನಿಮಿಷ ಬಿಟ್ಟು ಒಲೆ ಆರಿಸಿ.

ಆಗಲೇ ರುಚಿ ನೋಡಿ ಇನ್ನಷ್ಟು ಹಾಕಲು ಹೋಗಬೇಡಿ. ಬಿಸಿ ಕೊಬ್ಬು ನಾಲಿಗೆಗೆ ಹತ್ತಿಕೊಂಡಾಗ ಹುಳಿ ಪೂರ್ತಿ ಗೊತ್ತಾಗುವುದಿಲ್ಲ. ಹತ್ತು ನಿಮಿಷ ಆರಲಿ. ಆಮೇಲೆ ಒಂದು ತುಂಡನ್ನು ಬಾಯಿಗೆ ಹಾಕಿಕೊಳ್ಳಿ: ಮೊದಲು ಮೆಣಸು, ಆಮೇಲೆ ಕೊಬ್ಬು, ಕೊನೆಗೆ ದವಡೆಯ ಬದಿಯಲ್ಲಿ ಹಣ್ಣಿನ ಹುಳಿ ಬರಬೇಕು. ಬರದಿದ್ದರೆ ಇನ್ನೊಂದು ಚಮಚ. ಮಂದವಾದ ಒಳ್ಳೆಯ ಕಾಚಂಪುಳಿಯಾದರೆ ಒಂದು ಕಿಲೋಗೆ ನಾಲ್ಕು ಚಿಕ್ಕ ಚಮಚ ದಾಟುವುದೇ ಅಪರೂಪ. ಹೆಚ್ಚಾಗಿಬಿಟ್ಟರೆ ಬೆಲ್ಲ ಹಾಕಿ ಮುಚ್ಚಿಹಾಕಲು ನೋಡಬೇಡಿ. ಹುಳಿ ಇದ್ದಲ್ಲೇ ಇದ್ದು ಸಿಹಿಯೂ ಸೇರಿಕೊಳ್ಳುತ್ತದೆ. ಇನ್ನು ಕಾಲು ಕಿಲೋ ಮಾಂಸವನ್ನು ಬೇರೆಯಾಗಿ ಬೇಯಿಸಿ ಕೂಡಿಸುವುದೊಂದೇ ದಾರಿ.

ಬಡಿಸುವುದು

ಜೊತೆಗೆ ಕಡಂಬುಟ್ಟು. ಒಂದು ಲೋಟ ಅಕ್ಕಿ ತರಿಗೆ ಎರಡೂವರೆ ಲೋಟ ನೀರು, ಉಪ್ಪು. ಗಟ್ಟಿಯಾಗಿ ಬೇಯಿಸಿ, ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟಿ ಹದಿನೈದು ನಿಮಿಷ ಹಬೆಯಲ್ಲಿಡಿ. ಅಕ್ಕಿ ರೊಟ್ಟಿಯೂ ಆಗುತ್ತದೆ. ಪರೋಟಾ ಜೊತೆ ಮಾತ್ರ ಬೇಡ, ಎಣ್ಣೆಯ ಮೇಲೆ ಕೊಬ್ಬು.

ಸಾಧ್ಯವಾದರೆ ಹಬ್ಬದ ಹಿಂದಿನ ಸಂಜೆಯೇ ಮಾಡಿಡಿ. ಆರಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ. ಬೆಳಿಗ್ಗೆ ಮೇಲೆ ಬಿಳಿ ಕೊಬ್ಬು ಗಟ್ಟಿಯಾಗಿ ನಿಂತಿರುತ್ತದೆ. ಅರ್ಧ ತೆಗೆದು ಬಟ್ಟಲಲ್ಲಿಟ್ಟುಕೊಂಡರೆ ಮರುದಿನದ ಬಿದಿರು ಕಳಲೆ ಪಲ್ಯಕ್ಕೆ ಒಗ್ಗರಣೆಯಾಗುತ್ತದೆ, ಉಳಿದರ್ಧ ಮಾಂಸದ ಮೇಲೇ ಇರಲಿ. ಬಿಸಿ ಮಾಡುವಾಗಲೂ ಸಣ್ಣ ಉರಿಯಲ್ಲಿ, ಮುಚ್ಚಿ, ಮುಚ್ಚಳದ ಮೇಲೆ ನೀರಿಟ್ಟು. ಹುಳಿ ಅಷ್ಟರಲ್ಲಿ ಎಲುಬಿನವರೆಗೆ ಇಳಿದಿರುತ್ತದೆ, ಹಾಗಾಗಿ ಎರಡನೇ ದಿನ ಕಾಚಂಪುಳಿ ಬಾಟಲಿ ಕಪಾಟಿನಲ್ಲೇ ಇರಲಿ.