ನೀಲಿ ಎನಾಮಲ್, ವಜ್ರದ ನಕ್ಷತ್ರ: ಹಳೆಯ ಬ್ರೂಚ್ ಸರಿಪಡಿಸಿದ ನನ್ನ ಅನುಭವ

ಲಂಡನ್ನಿನಲ್ಲಿ ಹಳೆಯ ಒಡವೆಗಳ ರಿಪೇರಿ ನನ್ನ ಕಸುಬು. ಚಂದ್ರ, ನಕ್ಷತ್ರ, ಧೂಮಕೇತುಗಳಿರುವ ಒಡವೆ ಬಂದರೆ ನನಗೆ ಬೇರೆ ಕೆಲಸ ಮುಂದೂಡುವಷ್ಟು ಖುಷಿ. 1835ರಲ್ಲಿ ಹ್ಯಾಲಿ ಧೂಮಕೇತು ಕಾಣಿಸಿಕೊಂಡಾಗ ಇಂಗ್ಲೆಂಡಿನಲ್ಲಿ ಬಾಲವಿರುವ ಬ್ರೂಚ್‌ಗಳನ್ನು (ಬಟ್ಟೆಗೆ ಚುಚ್ಚಿಕೊಳ್ಳುವ ಒಡವೆ) ಹಾಕಿಕೊಂಡರು. 1880, 90ರ ದಶಕಗಳಲ್ಲಂತೂ ಎಲ್ಲೆಲ್ಲೂ ಅರ್ಧಚಂದ್ರ, ನಕ್ಷತ್ರಗಳೇ.

ಈಚೆಗೆ ಬಂದದ್ದು ಆ ಕಾಲದ್ದೇ. ದುಂಡನೆಯ ಕಡುನೀಲಿ ಎನಾಮಲ್, ನಡುವೆ ವಜ್ರದ ನಕ್ಷತ್ರ. ಅಂಚಿನಲ್ಲಿ ಎನಾಮಲ್ ಚೂರು ಎದ್ದುಹೋಗಿತ್ತು. ವಜ್ರಗಳೂ ಮಂಕು.

ನಾನು ಮೊದಲು ತಿರುಗಿಸಿ ಹಿಂಬದಿ ನೋಡುತ್ತೇನೆ. ಕೆಲಸ ಹೇಗೆ ಮಾಡಬೇಕು ಅನ್ನೋದು ಅಲ್ಲೇ ಗೊತ್ತಾಗುತ್ತದೆ. ವಜ್ರ ಕೂರಿಸಿದ್ದು ಬೆಳ್ಳಿಯಲ್ಲಿ, ಹಿಂದೆ ಚಿನ್ನ. ಪ್ಲಾಟಿನಂ ಬಳಕೆಗೆ ಬರುವ ಮೊದಲು ಇದೇ ಪದ್ಧತಿ. ಬೆಳ್ಳಿಯಲ್ಲಿ ವಜ್ರ ಬೆಳ್ಳಗೆ ಕಾಣುತ್ತದೆ, ಆದರೆ ಬೆಳ್ಳಿಯ ಮೇಲಿನ ಕಪ್ಪು ಕಲೆ ಬಟ್ಟೆಗೆ ಹತ್ತುತ್ತದೆ. ಹಿಂದಿನ ಚಿನ್ನ ಅದನ್ನು ತಡೆಯುತ್ತದೆ. ಇನ್ನೊಂದು ಪ್ರಶ್ನೆ, ಹರಳಿನ ಹಿಂಭಾಗ ತೆರೆದಿದೆಯೋ ಮುಚ್ಚಿದೆಯೋ? ಇನ್ನೂ ಹಳೆಯವು ಬಹಳಷ್ಟು ಮುಚ್ಚಿರುತ್ತವೆ. ನಮ್ಮ ಕುಂದಣದಲ್ಲಿರುವ ಹಾಗೆ ಹರಳಿನ ಕೆಳಗೆ ತೆಳು ತಗಡು ಇರುತ್ತದೆ. ಒಳಗೆ ನೀರು ಹೋದರೆ ತಗಡು ಕಪ್ಪಾಗಿ ಹರಳು ಸತ್ತಂತೆ ಕಾಣುತ್ತದೆ. ಇದು ತೆರೆದಿತ್ತು, ಸಮಾಧಾನವಾಯಿತು.

ಎನಾಮಲ್ ಅಂದರೆ ಬಣ್ಣವಲ್ಲ, ಗಾಜು. ನೀಲಿ ಬರುವುದು ಕೋಬಾಲ್ಟ್‌ನಿಂದ. ಪುಡಿಯನ್ನು ಲೋಹದ ಮೇಲೆ ಹರಡಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸುತ್ತಾರೆ. ಕೆಳಗಿನ ಚಿನ್ನದಲ್ಲಿ ಯಂತ್ರದಿಂದ ಕೊರೆದ ಅಲೆಗಳಿದ್ದವು. ಆ ನೀಲಿ ಅಷ್ಟು ಆಳವಾಗಿ ಮಿನುಗುವುದು ಆ ಗೆರೆಗಳಿಂದಲೇ.

"ಮತ್ತೆ ಬೆಂಕಿಗೆ ಹಾಕಿ ಹೊಸದರಂತೆ ಮಾಡಿಕೊಡಿ" ಅಂದರು ಒಡವೆಯ ಒಡತಿ. ಆಗೋದಿಲ್ಲ ಅಂದೆ. ಆ ಶಾಖಕ್ಕೆ ಹಳೆಯ ಬೆಸುಗೆ ಬಿಡಬಹುದು, ವಜ್ರದ ಮೈ ಸುಟ್ಟು ಮಂಜಾಗಬಹುದು. ಉಳಿದ ಎನಾಮಲ್ ಬಿರುಕು ಬಿಟ್ಟರೆ ಆ ಕಾಲದ ಕೆಲಸ ಮತ್ತೆ ಸಿಗೋದಿಲ್ಲ.

ಹಾಗಾಗಿ ತಣ್ಣನೆಯ ದಾರಿ ಹಿಡಿದೆ. ಮೊದಲು ಅತಿನೇರಳೆ ದೀಪದ ಕೆಳಗಿಟ್ಟು, ಹಿಂದೆ ಯಾರಾದರೂ ಅಂಟು ತುಂಬಿದ್ದಾರಾ ನೋಡಿದೆ. ಅಂಥ ಅಂಟು ಎಷ್ಟೋ ಸಲ ಬೇರೆಯಾಗಿ ಹೊಳೆಯುತ್ತದೆ. ಇದರಲ್ಲಿ ಇರಲಿಲ್ಲ. ಚೂರು ಹೋದ ಜಾಗದಲ್ಲಿ ಬಣ್ಣ ಬೆರೆಸಿದ ಪ್ಯಾರಲಾಯ್ಡ್ ಬಿ-72 ರಾಳವನ್ನು ತೆಳುವಾಗಿ, ಪದರದ ಮೇಲೆ ಪದರ ಹಾಕಿದೆ. ಒಂದು ಪದರ ಪೂರ್ತಿ ಒಣಗದೆ ಇನ್ನೊಂದು ಹಾಕುವಂತಿಲ್ಲ. ಮುಂದೆ ಯಾರಾದರೂ ತೆಗೆಯಬೇಕೆಂದರೆ ಅಸಿಟೋನ್ ಎಂಬ ದ್ರಾವಕದಲ್ಲಿ ಕರಗುತ್ತದೆ. ನನಗೆ ಅದು ಮುಖ್ಯ.

ವಜ್ರಗಳಿಗೆ ಮೆತ್ತನೆ ಬ್ರಷ್, ಒಂದೆರಡು ಹನಿ ಸೋಪಿನ ನೀರು, ಅದೂ ಹಿಂದಿನಿಂದ. ಎನಾಮಲ್ ಕಡೆ ನೀರು ಹೋಗಲು ಬಿಡಲಿಲ್ಲ. ಅಲ್ಟ್ರಾಸೋನಿಕ್ (ಶಬ್ದದ ಕಂಪನದಿಂದ ತೊಳೆಯುವ ಯಂತ್ರ), ಸ್ಟೀಮ್ ಎರಡೂ ಬೇಡವೇ ಬೇಡ. ಬೆಳ್ಳಿಯ ಸಂದುಗಳಲ್ಲಿದ್ದ ಕಪ್ಪನ್ನು ಹಾಗೇ ಬಿಟ್ಟೆ. ಅದಿದ್ದರೇ ನಕ್ಷತ್ರದ ಮೊನೆಗಳು ಎದ್ದು ಕಾಣುವುದು.

ಒಡತಿಗೆ ಕೊಡುವಾಗ ಹೇಳಿದ್ದು ಇಷ್ಟು: ಸೆಂಟ್ ಹಾಕಿಕೊಂಡು ಆರಿದ ಮೇಲೆ ಬ್ರೂಚ್ ಚುಚ್ಚಿಕೊಳ್ಳಿ. ಬೇರೆ ಒಡವೆ ಜೊತೆ ಇಡಬೇಡಿ, ವಜ್ರ ಎನಾಮಲ್ಲನ್ನು ಗೀರುತ್ತದೆ.