ಸವಳು ಮೂಲೆಯಲ್ಲಿ ಮುತ್ತುಗ ಅರಳಿತು

ಕಾರಟಗಿ ಕಡೆ ನಮ್ಮ ಹೊಲದ ತುದಿಗೆ ಮುಕ್ಕಾಲು ಎಕರೆ ಸವಳು, ಅಂದರೆ ಉಪ್ಪು ಕಟ್ಟಿದ ನೆಲ, ಬಿದ್ದಿತ್ತು. ತುಂಗಭದ್ರಾ ಎಡದಂಡೆ ಕಾಲುವೆ ನೀರು, ವರ್ಷಕ್ಕೆ ಎರಡು ಭತ್ತ, ಹೆಚ್ಚಾದ ನೀರು ಹೊರಹೋಗಲು ಬಸಿಗಾಲುವೆ ಇಲ್ಲ. ಆಮೇಲೆ ಆಗುವುದು ಗೊತ್ತೇ ಇದೆಯಲ್ವಾ, ಬೇಸಿಗೆಯಲ್ಲಿ ನೆಲವೆಲ್ಲ ಬೆಳ್ಳಗೆ. ಅಲ್ಲಿ ಮುತ್ತುಗ ಹಾಕುತ್ತೇನೆ ಎಂದಾಗ ನಮ್ಮ ಕಾಕಾ, "ಅಲ್ಲಿ ಜಾಲಿ ಬಿಟ್ರ ಏನೂ ಬರಂಗಿಲ್ಲೋ ತಮ್ಮಾ" ಎಂದರು. ಈ ಸಲ ಶಿವರಾತ್ರಿ ಹೊತ್ತಿಗೆ ಆ ಮೂಲೆಯಲ್ಲಿ 17 ಮರ ಹೂ ಬಿಟ್ಟವು. ಎಲೆ ಒಂದೂ ಇಲ್ಲ, ಬರೀ ಕೇಸರಿ. ಬೀಗರನ್ನು ಕರೆತಂದು ತೋರಿಸಿದವರು ಅದೇ ಕಾಕಾ.

ಇದಕ್ಕೆ 11 ವರ್ಷ ಹಿಡಿಯಿತು. ಮೊದಲ ವರ್ಷ ನರ್ಸರಿಯಿಂದ 120 ಸಸಿ ತಂದೆ. ಒಂದಕ್ಕೆ 35 ರೂಪಾಯಿ. ಗಾಡಿ ಬಾಡಿಗೆ, ಗುಂಡಿ ಕೂಲಿ ಸೇರಿ 9 ಸಾವಿರದ ಹತ್ತಿರ ಹೋಯಿತು. ಅದರಲ್ಲಿ ಹತ್ತು ಹನ್ನೆರಡು ಹಾಲವಾಣ ಎಂಬ ಬೇರೆ ಮರದ ಸಸಿ ಸೇರಿದ್ದವು! ಎರಡಕ್ಕೂ ಮೂರೆಲೆ, ಹಾಗಾಗಿ ಮೋಸಹೋದೆ. ಈಗ ಮೊದಲು ಕಾಂಡ ಸವರಿ ನೋಡುತ್ತೇನೆ. ಮುಳ್ಳು ಸಿಕ್ಕರೆ ಹಾಲವಾಣ. ಮುತ್ತುಗದ ಎಲೆ ಚರ್ಮದ ಹಾಗೆ ದಪ್ಪ. ಉಳಿದ ಸಸಿಗಳೂ ಬದುಕಲಿಲ್ಲ. ಕಿತ್ತು ನೋಡಿದರೆ ತಾಯಿಬೇರು ಚೀಲದೊಳಗೇ ಸುತ್ತಿಕೊಂಡಿತ್ತು.

ಮರುವರ್ಷ ಚೀಲದ ಸಹವಾಸ ಬಿಟ್ಟೆ. ಮೇ ಕೊನೆಗೆ ಉದುರಿದ ಕಾಯಿ ಆರಿಸಿದೆ. ಗೇಣುದ್ದದ ಚಪ್ಪಟೆ ಕಾಯಿ, ಆದರೆ ಬೀಜ ತುದಿಗೆ ಒಂದೇ. ಹಳೆ ಬೀಜ ಬೇಡ, ಆ ವರ್ಷದ್ದೇ ಬೇಕು. ಮಣ್ಣಿನ ಏರು ಎತ್ತಿ ಮೃಗಶಿರಾ ಮಳೆಗೆ ಊರಿದೆ. ಏರಿನ ನೆತ್ತಿಯಲ್ಲಿ ಉಪ್ಪು ಕೂರುತ್ತದೆ, ಅದಕ್ಕೇ ಇಳಿಜಾರಿನ ನಡುವೆ ಊರಿದ್ದು. ಊರುವ ಮುಂಚೆ ಬೀಜವನ್ನು ಒಂದು ರಾತ್ರಿ ಏತರಲ್ಲಿ ನೆನೆಸಿದೆ ಎನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನೂರಕ್ಕೆ ಅರವತ್ತರಷ್ಟು ಮೊಳೆತವು. ಬೇಸಿಗೆ ಬಂತು, ಎಲ್ಲಾ ಒಣಗಿ ಕಡ್ಡಿಯಾದವು. ಸಿಟ್ಟಿಗೆ ಎರಡು ಸಾಲು ಕಿತ್ತು ಹಾಕಿದೆ. ಕಿತ್ತದ್ದರಲ್ಲಿ ಒಂದನ್ನು ಉಗುರಿನಿಂದ ಗೀರಿದೆ. ಮೇಲೆ ಗೇಣುದ್ದ ಒಣಕಡ್ಡಿ, ಕೆಳಗೆ ಗಜ್ಜರಿಯಷ್ಟು ದಪ್ಪ ಬೇರು, ಒಳಗೆ ಹಸಿ! ಗಿಡ ಸತ್ತಿರಲಿಲ್ಲ, ಬೇರು ಇಳಿಸುತ್ತಿತ್ತು. ಮೂರು ಬೇಸಿಗೆ ಹೀಗೇ ಒಣಗಿ, ಮೂರು ಮಳೆಗಾಲ ಮತ್ತೆ ಚಿಗುರಿದವು. ನಾಲ್ಕನೇ ವರ್ಷ ಒಮ್ಮೆಲೇ ಆಳೆತ್ತರ. ನೀರು ಕಟ್ಟಲಿಲ್ಲ, ಗೊಬ್ಬರ ಹಾಕಲಿಲ್ಲ. ನಮ್ಮ ಆಡುಗಳು ಮೂಸಿ ನೋಡಿ ಮುಂದೆ ಹೋದವು. ಬೀಜದ ಲೆಕ್ಕದಲ್ಲಿ ಖರ್ಚು 2 ಸಾವಿರ ದಾಟಿಲ್ಲ.

ಹೂವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ತೊಟ್ಟಿನ ಬಟ್ಟಲು ಕಪ್ಪು ಮಖಮಲ್ಲು. ಎಸಳಿನ ಮೇಲೆ ಬೆಳ್ಳಿ ಕೂದಲು, ನಡುವೆ ಗಿಳಿ ಕೊಕ್ಕಿನ ಬಾಗು. ಬುಡದಲ್ಲಿ ರಸ. ಆ ರಸಕ್ಕೆ ಬೆಳಗ್ಗೆ ಆರಕ್ಕೇ ಗೊರವಂಕ, ಸೂರಕ್ಕಿ, ಕಾಗೆ ಎಲ್ಲಾ ಹಾಜರು. ಪರಾಗ ಸಾಗಿಸುವ ಕೆಲಸವೂ ಹೆಚ್ಚಾಗಿ ಹಕ್ಕಿಗಳದ್ದೇ.

ಹೋಳಿಗೆ ಒಂದು ಬುಟ್ಟಿ ಹೂ ಕುದಿಸಿ ಬಣ್ಣ ಮಾಡಿದೆ. ಬರೀ ನೀರಲ್ಲಿ ತಿಳಿ ಹಳದಿ ಬಂತು. ಚಿಟಿಕೆ ಸುಣ್ಣ ಬಿದ್ದದ್ದೇ ತಡ, ಕಡು ಕೇಸರಿಗೆ ತಿರುಗಿತು. ಅಳತೆ ಇನ್ನೂ ಕೂತಿಲ್ಲ, ಸುಣ್ಣ ಜಾಸ್ತಿಯಾದರೆ ಕೈ ಉರಿಯುತ್ತದೆ.

ಈಗ ಪಕ್ಕದ ಹೊಲದವರು ಬೀಜ ಕೇಳಿದ್ದಾರೆ. ಕಾಯಿ ಉದುರಲಿ, ಒಂದು ಚೀಲ ಕೊಡುತ್ತೇನೆ.